ಮುನ್ನೂರ ಹನ್ನೆರಡು ಗಿಡ

ನಾನು ಅಬೂಬಕ್ಕರ್, ಕಾಫಿ ಬೋರ್ಡಿನ ಜೀಪು ಓಡಿಸಿದವನು
ಇಪ್ಪತ್ತಾರು ವರ್ಷ. ಭಾಷಣ ನನಗೆ ಬಾರದು.
ನಿನ್ನೆ ಸುಂಟಿಕೊಪ್ಪದ ಆಫೀಸಿನಲ್ಲಿ ದೇಚಮ್ಮ ಮೇಡಂಗೆ
ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು.
ಮೈಸೂರಿನಿಂದ ಬಂದ ಸಾಹೇಬರು
ಅವರ ಮನೆತನದ ಹೆಸರನ್ನು ಎರಡು ಸಲ ತಪ್ಪಾಗಿ ಓದಿದರು.
ಹಿಂದಿನ ಸಾಲಿನಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು
ನಾನು ನುಂಗಿಕೊಂಡ ಮಾತು ಇದು.

ಮೊದಮೊದಲು ಯಾವ ತೋಟದ ಕಣದಲ್ಲಿ ಇಳಿದರೂ
ಯಜಮಾನರು ಬಂದು ನನಗೇ ಕೈ ಮುಗಿಯುತ್ತಿದ್ದರು:
"ಬನ್ನಿ ಆಫೀಸರೇ, ಕಾಫಿ ಕುಡಿಯೋಣ."
ಮೇಡಂ ನಗರು, ಸಿಡುಕರು.
ಸೀದಾ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು
ಹೆಬ್ಬೆರಳಿನಿಂದ ಕಾಂಡ ಸವರುವರು,
ಕೂಸಿನ ಪಕ್ಕೆಲುಬು ಎಣಿಸುವ ಹಾಗೆ.
ತೊಗಟೆಯ ಮೇಲೆ ಉಂಗುರದಂಥ ಉಬ್ಬು ಸಿಕ್ಕರೆ
ಬೆರಳು ನಿಲ್ಲುತ್ತಿತ್ತು.
ಕಾಂಡಕೊರಕ. ಒಳಗೆ ಹುಳ ಮನೆ ಮಾಡಿದೆ.
"ಕಿತ್ತು ಸುಡಿ, ಮಳೆಗೆ ಮುಂಚೆ."
ಅಷ್ಟೇ ಮಾತು.
ಆಮೇಲೆ ಕಾಫಿ.

ಈ ಬೆರಳು ಕಾಲೇಜಿನಲ್ಲಿ ಕಲಿತದ್ದಲ್ಲ.
ಮಾದಾಪುರದ ಮೇಲಿನ ತೋಟದಲ್ಲಿ
ಏಳು ವರ್ಷದ ಹುಡುಗಿಗೆ ಅಪ್ಪ ಕಲಿಸಿದ್ದು:
"ಕಣ್ಣು ಸುಳ್ಳು ಹೇಳುತ್ತೆ ಮಗಳೇ, ಮುಟ್ಟಿ ನೋಡು."

ಆ ತೋಟಕ್ಕೂ ಹೋಗಬೇಕಾಯಿತು ಒಂದು ಮಾರ್ಚಿನಲ್ಲಿ.
ಪಟ್ಟಿಯಲ್ಲಿ ಹೆಸರಿತ್ತು, ಬಿಡುವ ಹಾಗಿಲ್ಲ.
ಬೆಳಗ್ಗೆ ಎಂಟಕ್ಕೆ ಶುರು, ಸಂಜೆ ಜೀರುಂಡೆ ಕೂಗುವ ತನಕ
ಸಾಲು ಸಾಲಾಗಿ ಸವರುತ್ತ ಹೋದರು,
ಸಿಕ್ಕ ಗಿಡಕ್ಕೆ ಸುಣ್ಣದ ಗುರುತು.
ಹಿಂದೆ ಹಿಂದೆ ಅಪ್ಪ, ತಲೆವಸ್ತ್ರ ಕಳಚಿ ಕಂಕುಳಲ್ಲಿಟ್ಟು.
ಬಾಯಿ ಬಿಡಲಿಲ್ಲ.
ಮುನ್ನೂರ ಹನ್ನೆರಡು.
ಅವರಮ್ಮ ಮದುವೆಯಾಗಿ ಬಂದ ವರ್ಷ ನೆಟ್ಟ ಅರೇಬಿಕಾ.
ಮೇಡಂ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಬರೆದರು,
ಸಹಿ ಮಾಡುವಾಗ ಪೆನ್ನು ಕೊಟ್ಟವನು ನಾನು.
ಏಪ್ರಿಲಿನಲ್ಲಿ ಆ ಬೆಟ್ಟದಿಂದ ಹೊಗೆ ಎದ್ದದ್ದು
ಪೇಟೆಯಿಂದಲೇ ಕಾಣುತ್ತಿತ್ತು.
ಮೇಡಂ ಆ ದಿನ ಆ ಕಡೆಯ ಕಿಟಕಿ ಮುಚ್ಚಿಸಿದರು.

ಅಪ್ಪ ಮಾತು ಬಿಟ್ಟರು. ಪುತ್ತರಿ ಬಂತು, ಹೋಯಿತು.

ಆ ನಡುವೆ ಬೋರ್ಡಿನವರು ತರಬೇತಿಗೆಂದು
ವೇಲ್ಸ್ ಎಂಬ ನಾಡಿಗೆ ಆರು ವಾರ ಕಳಿಸಿದರು.
ಅಲ್ಲಿಯೂ ಬೆಟ್ಟವಂತೆ, ಅಲ್ಲಿಯೂ ಬಿಡದ ಮಳೆಯಂತೆ,
ಕಾಫಿ ಇರುವ ಕಡೆಯೆಲ್ಲ ಕುರಿಗಳಂತೆ.
ಉಳಕೊಂಡದ್ದು ನೆರಿಸ್ ಎಂಬವಳ ಮನೆಯಲ್ಲಿ,
ಕುರಿದೊಡ್ಡಿಯಲ್ಲೇ ಬೆಳೆದು ಇಲಾಖೆ ಸೇರಿದವಳು.
ಕಾಲುಬಾಯಿ ಜ್ವರದ ವರ್ಷ ಅವಳೂ
ಅಪ್ಪನ ಕುರಿಗಳನ್ನು ಎಣಿಸಿ ಬರೆದಿದ್ದಳಂತೆ,
ಒಂದೂ ಉಳಿಯಬಾರದು ಎಂದು.
"ನಿಮ್ಮಪ್ಪ ಮಾತಾಡಿದರಾ?" ಕೇಳಿದರಂತೆ ಮೇಡಂ.
"ಹವಾಮಾನದ ಬಗ್ಗೆ ಮಾತ್ರ," ಅಂದಳಂತೆ.
ಇಬ್ಬರೂ ನಕ್ಕು ನಕ್ಕು ಸುಸ್ತಾದರಂತೆ
ಅಡುಗೆಮನೆಯ ಒಲೆಯ ಮುಂದೆ.
ವರ್ಷಕ್ಕೊಂದು ಕಾಗದ ಬರುತ್ತಿತ್ತು ಅವಳದು.
ಅಂಚೆಚೀಟಿ ನನ್ನ ಮಗನಿಗೆ.

ಮತ್ತೊಂದು ಸೋಮವಾರ. ಆಫೀಸಿನ ಮುಂದೆ ಸರದಿ,
ಸರದಿಯ ಕೊನೆಗೆ ಅವರಪ್ಪ,
ಗೊಬ್ಬರದ ಚೀಲ ಸುತ್ತಿದ ಒಂದು ಮೊಳ ಕಾಂಡ ಹಿಡಿದು.
ಮುಂದೆ ಬನ್ನಿ ಅಂದರೆ ಬರಲಿಲ್ಲ.
ಒಂದೂವರೆ ತಾಸು ನಿಂತು ಮೇಜಿನ ಮೇಲಿಟ್ಟು,
"ಮೇಡಂ," ಅಂದರು, ಹೆತ್ತ ಮಗಳಿಗೆ,
"ಇದು ಕೊರಕವೋ ಅಲ್ಲವೋ ನೋಡಿ ಹೇಳಿ."

ಬೆರಳು ಓಡಿತು. ನಿಂತಿತು. ಮತ್ತೆ ಓಡಿತು.
"ಅಲ್ಲ. ಏಣಿ ಉಜ್ಜಿದ ಗಾಯ."
ಮುದುಕರು ತಲೆ ಆಡಿಸಿದರು.
"ಬರೆದುಕೊಡಿ," ಅಂದರು. "ಸೀಲೂ ಹಾಕಿ."

ಹಾಕಿಕೊಟ್ಟರು. ಸೀಲು ತಲೆಕೆಳಗಾಗಿತ್ತು.

ನಿನ್ನೆ ಶಾಲು, ಗಡಿಯಾರ ಎಲ್ಲ ಹಿಂದಿನ ಸೀಟಿಗೆ ಹಾಕಿ
ಕೊನೆಯ ಸಲ ಮನೆಗೆ ಬಿಡಲು ಹೊರಟಾಗ
ಗರಗಂದೂರಿನ ತಿರುವಿನಲ್ಲಿ "ನಿಲ್ಲಿಸು" ಅಂದರು.
ಯಾರದೋ ತೋಟ. ಕೇಳುವವರಿಲ್ಲ, ಕರೆದವರಿಲ್ಲ.
ಬೇಲಿ ದಾಟಿ ಹೋಗಿ ಕೂತರು.
ಎಂಜಿನ್ ಆರಿಸಲೋ ಬೇಡವೋ ತಿಳಿಯದೆ
ನಾನು ಕ್ಲಚ್ಚಿನ ಮೇಲೆ ಕಾಲಿಟ್ಟೇ ಕಾದೆ.